ಮಾಳಿಗೆಯ ಮೇಲಿನ ದುರ್ಬೀನು



ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಒತ್ತಿಕೊಂಡು, ರಾಜಗೋಪಾಲನಗರವೆಂಬ ಬಡಾವಣೆಯೊಂದುಂಟು. ನೆಂಟರಿಷ್ಟರು ಊರು ನೋಡಲು ಬಂದರೆ ಅವರನ್ನು ಲಾಲ್‌ಬಾಗಿಗೋ ಕಬ್ಬನ್ ಉದ್ಯಾನಕ್ಕೋ ಕರೆದೊಯ್ಯುವೆವೇ ಹೊರತು ಅಲ್ಲಿಗೆ ಯಾರೂ ಕರೆದೊಯ್ಯರು. ಬೀದಿಯ ಒಂದು ಮಗ್ಗುಲಿಗೆ ಮನೆಗಳ ಸಾಲು, ಇನ್ನೊಂದು ಮಗ್ಗುಲಿಗೆ ಲೇತು ಯಂತ್ರಗಳ ಷೆಡ್ಡುಗಳು. ಎಷ್ಟೋ ಕಡೆ ಕೆಳಗೆ ಕಾರ್ಖಾನೆ, ಮೇಲೆ ಸಂಸಾರ. ಉಕ್ಕನ್ನು ಕಡೆಯುವ ಸದ್ದು, ಕಾದ ಎಣ್ಣೆಯ ವಾಸನೆ, ರಾತ್ರಿಯಾದರೆ ಷೆಡ್ಡುಗಳ ನೆತ್ತಿಯ ಮೇಲೆ ಕಣ್ಣು ಕುಕ್ಕುವ ದೀಪಗಳು. ನಕ್ಷತ್ರ ನೋಡುವುದಕ್ಕೆ ಇದಕ್ಕಿಂತ ಅಯೋಗ್ಯವಾದ ಸ್ಥಳವನ್ನು ಹುಡುಕಿ ತೆಗೆಯುವುದು ಕಷ್ಟ. ಆದರೂ ನಾವು, ನಲವತ್ತು ದಾಟಿದ ಮೇಲೆ, ಆಕಾಶವನ್ನು ಮೊದಲ ಸಲ ಕಣ್ಣಿಟ್ಟು ನೋಡಿದ್ದು ಅಲ್ಲಿಯ ಒಂದು ಮಾಳಿಗೆಯ ಮೇಲೆ. ಆ ಸಂಗತಿಯನ್ನೇ ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇವೆ.

ನಾವು ಇಂಗ್ಲಿಷಿನಲ್ಲಿ ಓದಿ ಪದವಿ ಪಡೆದವರು. ಕಾಲೇಜಿನಲ್ಲಿ ಪಾಠ ಹೇಳಿ ಜೀವಿಸುವವರು. ಒರೈಯನ್, ಪ್ಲೈಯಡೀಸ್ ಮುಂತಾದ ಹೆಸರುಗಳು ಗ್ರೀಕರ ಕಥೆಗಳ ಮೂಲಕ ನಮಗೆ ಗೊತ್ತು. ಮೃಗಶಿರೆ, ಕೃತ್ತಿಕೆಗಳು ಪಂಚಾಂಗದ ಮೂಲಕ ಗೊತ್ತು. ಈ ಎರಡು ಪಟ್ಟಿಗಳೂ ಒಂದೇ ಆಕಾಶವನ್ನು ಕುರಿತವು ಎಂಬ ಜ್ಞಾನವೂ ಇತ್ತು. ಆದರೆ ಅಂಗಳದಲ್ಲಿ ನಿಲ್ಲಿಸಿ, ಬೆರಳು ಮಾಡಿ ತೋರಿಸಿರೆಂದು ಯಾರಾದರೂ ಕೇಳಿದ್ದರೆ ಒಂದನ್ನೂ ತೋರಿಸಲಾರದವರಾಗಿದ್ದೆವು. ಹೀಗಿರುವಾಗ ನಮ್ಮ ಹಳೆಯ ಶಿಷ್ಯರೊಬ್ಬರು ಬಂದು, ತಾವು ಕೆಲವರು ಸ್ನೇಹಿತರು ಕೂಡಿ ತಮ್ಮ ಮನೆಯ ಮಾಳಿಗೆಯ ಮೇಲೆ ಶನಿವಾರದ ರಾತ್ರಿಗಳಲ್ಲಿ ದೂರದರ್ಶಕವಿಟ್ಟು ಆಕಾಶವೀಕ್ಷಣೆ ಮಾಡುವುದುಂಟೆಂದೂ, ನಾವೂ ಒಮ್ಮೆ ದಯಮಾಡಿಸಬೇಕೆಂದೂ ಕೇಳಿಕೊಂಡರು. ಕೆಳಗಿನ ಷೆಡ್ಡು ಅವರ ತಂದೆಯವರದು.

ನಾವು ಮೊದಲು ಹೋದದ್ದು ೨೦೨೫ನೆಯ ಇಸವಿಯ ಫೆಬ್ರವರಿ ೧ನೆಯ ತಾರೀಖು. ಏಣಿ ಹತ್ತಿ ಮೇಲೆ ಬರುವ ಹೊತ್ತಿಗೆ ಪಡುವಣದಲ್ಲಿ ಚೌತಿಯ ಚಂದ್ರನೂ ಅವನ ಹತ್ತಿರವೇ ಶುಕ್ರನೂ ಹೊಳೆಯುತ್ತಿದ್ದರು. ಮಾಳಿಗೆಯ ಮೇಲೆ ಇಪ್ಪತ್ತು ಜನರಾದರೂ ನೆರೆದಿದ್ದರು: ಕಾಲೇಜಿನ ಹುಡುಗರು, ಷೆಡ್ಡಿನ ಕೆಲಸಗಾರರು, ನೆರೆಮನೆಯ ಹೆಂಗಸರು, ಲೆಕ್ಕವಿಲ್ಲದಷ್ಟು ಮಕ್ಕಳು. ಮನೆಯ ಹಿರಿಯ ಅಜ್ಜಿಯವರೊಬ್ಬರು ಮಾತ್ರ, ಚೌತಿಯ ಚಂದ್ರನನ್ನು ನೋಡಬಾರದೆಂದು ಮುಖ ತಿರುಗಿಸಿ ಕುಳಿತಿದ್ದರು. ಆ ನಿಷೇಧ ಭಾದ್ರಪದದ ಚೌತಿಗೆ ಮಾತ್ರವೆಂದೂ ಇದು ಮಾಘವೆಂದೂ ಮೊಮ್ಮಗಳು ವಾದಿಸಿ ಗೆದ್ದ ಮೇಲೆ, ಎಲ್ಲರಿಗಿಂತ ಹೆಚ್ಚು ಹೊತ್ತು ಕಣ್ಣಿಟ್ಟು ನೋಡಿದವರು ಅವರೇ.

ದೂರದರ್ಶಕದೊಳಗೆ ನೋಡುವುದೂ ಒಂದು ವಿದ್ಯೆಯೆಂಬುದು ಅಂದು ತಿಳಿಯಿತು. ಹೊಸಬರು ಮೊದಲು ಹೇಳುವ ಮಾತು, ಏನೂ ಕಾಣುವುದಿಲ್ಲ ಎಂಬುದು. ಕಣ್ಣನ್ನು ಮಸೂರಕ್ಕೆ ತೀರ ಒತ್ತುತ್ತಾರೆ. ಇಲ್ಲವೇ ಕೊಳವೆಯನ್ನು ಹಿಡಿದುಕೊಂಡು ಅಲ್ಲಾಡಿಸಿಬಿಡುತ್ತಾರೆ. ನಾವು ಎರಡು ತಪ್ಪನ್ನೂ ಮಾಡಿದೆವು. ಮಕ್ಕಳು ಹೇಳಿಕೊಡದೆಯೇ ನೋಡುತ್ತಾರೆ. ಕಡೆಗೆ ಬಿಂಬ ನಿಂತಾಗ ಕಂಡ ಶುಕ್ರ ನಮ್ಮನ್ನು ಬೆರಗುಗೊಳಿಸಿದ; ಬರಿಗಣ್ಣಿಗೆ ದುಂಡನೆಯ ಹೊಳಪಾಗಿದ್ದವನು ಅಲ್ಲಿ ಅರ್ಧಕ್ಕೂ ಕಡಿಮೆಯಾದ ಚಂದ್ರನಂತೆ ಇದ್ದ. ೧೬೧೦ರಲ್ಲಿ ಗೆಲಿಲಿಯೋ ಕಂಡದ್ದು ಇದನ್ನೇ. ಶುಕ್ರನು ಭೂಮಿಯನ್ನಲ್ಲ, ಸೂರ್ಯನನ್ನು ಸುತ್ತುವನೆಂಬುದಕ್ಕೆ ಈ ಕಲೆಗಳೇ ಸಾಕ್ಷಿಯಾದವೆಂದು ನಾವೇ ಎಷ್ಟು ತರಗತಿಗಳಲ್ಲಿ ಹೇಳಿಲ್ಲ! ಸಾಕ್ಷಿಯನ್ನು ಮಾತ್ರ ನಾವು ವಿಚಾರಿಸಿರಲಿಲ್ಲ.

ನೆತ್ತಿಯ ಬಳಿ ರೋಹಿಣಿಯ ಹತ್ತಿರ ಗುರುವಿದ್ದ. ಅವನ ನಾಲ್ಕು ದೊಡ್ಡ ಚಂದ್ರರು ಒಂದೇ ಗೆರೆಯ ಮೇಲೆ ಮಣಿಗಳಂತೆ ಕಂಡರು. ಕೊಳವೆಯ ಬಾಯಿಗೆ ಚಿತ್ರ ಅಂಟಿಸಿದ್ದೀರಿ ಎಂದು ಷೆಡ್ಡಿನ ಹುಡುಗನೊಬ್ಬ ಸಂಶಯಪಟ್ಟ. ಒಳ್ಳೆಯ ಸಂಶಯವೇ. ಶಿಷ್ಯರು ಅವನಿಗೆ ಉತ್ತರ ಹೇಳದೆ, ಕೊಳವೆಯನ್ನು ಮುಟ್ಟದೆ ಸುಮ್ಮನೆ ನೋಡುತ್ತಿರು ಎಂದರು. ಗುರು ಮೆಲ್ಲಗೆ ಜಾರಿ ಎರಡು ನಿಮಿಷದೊಳಗೆ ಅಂಚಿನಲ್ಲಿ ಮರೆಯಾದ. ಜಾರಿದ್ದು ಗುರುವಲ್ಲ, ನಮ್ಮ ಮಾಳಿಗೆ, ಪೀಣ್ಯ, ಈ ಭೂಮಿ ಎಂದಾಗ ಆ ಹುಡುಗ ಕೈಪಿಡಿಗೋಡೆಯನ್ನು ಹಿಡಿದುಕೊಂಡ. ನಮಗೂ ಹಿಡಿದುಕೊಳ್ಳಬೇಕೆನ್ನಿಸಿತು.

ಈ ದುರ್ಬೀನು ಪೇಟೆಯಿಂದ ತಂದ ಸಾಮಾನಲ್ಲ. ಇದರ ಕನ್ನಡಿಯನ್ನು ಕೈಯಿಂದಲೇ ಉಜ್ಜಿ ಮಾಡಿದ್ದು. ಬೆಂಗಳೂರಿನಲ್ಲಿ ಈ ವಿದ್ಯೆ ಹೊಸದಲ್ಲ. ಹವ್ಯಾಸಿ ಖಗೋಳವೀಕ್ಷಕರ ಸಂಘವೊಂದು ೧೯೭೬ರಲ್ಲಿಯೇ ನಗರದಲ್ಲಿ ಹುಟ್ಟಿತು. ೧೯೮೯ರಲ್ಲಿ ಜವಾಹರಲಾಲ್ ನೆಹರು ತಾರಾಲಯವಾದ ಮೇಲೆ ಆಸಕ್ತರಿಗೆ ಸೇರಲು ಒಂದು ನೆಲೆಯೂ ಒದಗಿತು. ನಮ್ಮ ಶಿಷ್ಯರು ಅಂಥ ಹಿರಿಯ ಹವ್ಯಾಸಿಗಳ ಕೈಕೆಳಗೆ ಕಲಿತವರು. ಆದರೆ ಕಥೆಯ ಸ್ವಾರಸ್ಯವಿರುವುದು ಅವರ ತಂದೆಯವರಲ್ಲಿ.

ಆ ಯಜಮಾನರು ಮೂವತ್ತು ವರ್ಷ ಲೇತಿನ ಮುಂದೆ ನಿಂತವರು. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ ತಪ್ಪಿದರೆ ಮಾಲು ಹಿಂದಕ್ಕೆ ಬರುವುದೆಂಬ ಭಯದಲ್ಲಿ ಕೂದಲು ನರೆತವರು. ಮಗ ಎಂಟು ಅಂಗುಲದ ಗಾಜಿನ ಬಿಲ್ಲೆಯನ್ನು ತಂದು, ಇದರ ನಡುವೆ ತಗ್ಗು ಮಾಡಬೇಕೆಂದಾಗ, ಅದಕ್ಕೇನು, ಯಂತ್ರಕ್ಕೆ ಕಟ್ಟಿ ಮಧ್ಯಾಹ್ನದೊಳಗೆ ಮಾಡಿಕೊಡುತ್ತೇನೆ ಎಂದರಂತೆ. ಎಷ್ಟು ಕರಾರುವಾಕ್ಕಾಗಿರಬೇಕು ಎಂದು ಕೇಳಿದರು. ಬೆಳಕಿನ ಅಲೆಯ ಉದ್ದದ ನಾಲ್ಕರಲ್ಲೊಂದು ಪಾಲಿನಷ್ಟು ಎಂದ ಮಗ. ಅಂದರೆ ಒಂದು ಮಿಲಿಮೀಟರಿನ ಏಳುಸಾವಿರದಲ್ಲೊಂದು ಭಾಗ. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ತಮ್ಮ ಷೆಡ್ಡಿನ ಯಾವ ಯಂತ್ರಕ್ಕೂ ಸಾಧ್ಯವಾಗದ ಆ ಸೂಕ್ಷ್ಮ, ಒಂದು ಪೀಪಾಯಿ, ಎರಡು ಗಾಜು, ನೀರು, ಕಾರ್ಬೊರಂಡಮ್ ಪುಡಿ, ಎರಡು ಕೈ ಇವುಗಳಿಂದ ಸಾಧ್ಯವೆಂದು ಅವರು ನಂಬಲು ಒಂದು ತಿಂಗಳು ಹಿಡಿಯಿತು.

ಕ್ರಮ ಹೀಗಿದೆ. ಪೀಪಾಯಿಯ ಮೇಲೆ ಒಂದು ಗಾಜನ್ನು ಬಿಗಿದು, ಪುಡಿ ನೀರು ಹಾಕಿ, ಇನ್ನೊಂದು ಗಾಜನ್ನು ಅದರ ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ನಾಲ್ಕಾರು ಸಲ ಉಜ್ಜಿದ ಮೇಲೆ ಕೈಯ ಗಾಜನ್ನು ಸ್ವಲ್ಪ ತಿರುಗಿಸಬೇಕು; ತಾನೂ ಪೀಪಾಯಿಯ ಸುತ್ತ ಒಂದು ಹೆಜ್ಜೆ ಪ್ರದಕ್ಷಿಣೆ ಬರಬೇಕು. ಮೇಲಿನ ಗಾಜು ಹೊರಕ್ಕೆ ಚಾಚಿದಾಗ ಅದರ ನಡುಭಾಗ ಕೆಳಗಿನದರ ಅಂಚಿನ ಮೇಲೆ ಒತ್ತಿಕೊಳ್ಳುವುದರಿಂದ, ಮೇಲಿನದು ತಾನಾಗಿ ಬಟ್ಟಲಾಗುತ್ತದೆ, ಕೆಳಗಿನದು ಗುಬ್ಬಿಯಾಗುತ್ತದೆ. ದಿಕ್ಕು ದಿಕ್ಕಿಗೂ ತಿರುಗಿ ಉಜ್ಜುವಾಗ ಎರಡೂ ಮೈ ಎಲ್ಲೆಲ್ಲಿಯೂ ಹೊಂದಿಕೊಂಡಿರಬೇಕಾದರೆ ಗೋಲದ ಮೇಲ್ಮೈ ಒಂದೇ ಗತಿ. ಆದಕಾರಣ ಯಾರೂ ಅಳತೆ ಮಾಡದೆ ಗೋಲ ತಾನೇ ಹುಟ್ಟುತ್ತದೆ. ಇವರ ಕನ್ನಡಿಯ ನಾಭಿದೂರ ನಲವತ್ತೆಂಟು ಅಂಗುಲ. ಅಷ್ಟಕ್ಕೆ ಬೇಕಾದ ತಗ್ಗು ನಡುವಿನಲ್ಲಿ ಎರಡು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಬಳಿಕ ನಯವಾದ ಪುಡಿ, ಅದಕ್ಕಿಂತ ನಯವಾದುದು, ಕಡೆಗೆ ಅರಗಿನಂಥ ಡಾಂಬರಿನ ಹಾಸಿನ ಮೇಲೆ ಸೀರಿಯಮ್ ಆಕ್ಸೈಡಿನಿಂದ ಹೊಳಪು. ಗೋಲವನ್ನು ಪರವಲಯವಾಗಿ ತಿದ್ದುವುದೇ ಕೊನೆಯ ಕೆಲಸ. ಈ ಎರಡು ಆಕೃತಿಗಳಿಗೂ ಇರುವ ಅಂತರ ಅಂಚಿನಲ್ಲಿ ಸುಮಾರು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅಷ್ಟರಿಂದಲೇ ನಕ್ಷತ್ರ ಚುಕ್ಕೆಯಾಗುವುದೋ ಹರಡಿದ ಹಿಟ್ಟಾಗುವುದೋ ನಿರ್ಧಾರವಾಗುತ್ತದೆ.

ಅಷ್ಟು ಸೂಕ್ಷ್ಮವನ್ನು ಅಳೆಯುವುದು ಹೇಗೆ? ಫೂಕೊ ಎಂಬ ಫ್ರೆಂಚ್ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದ ನಡುವೆ ಕಂಡುಹಿಡಿದ ಉಪಾಯಕ್ಕೆ ಬೇಕಾದದ್ದು ಒಂದು ಸೂಜಿರಂಧ್ರದ ದೀಪ, ಒಂದು ಕ್ಷೌರದ ಅಲಗು. ಕನ್ನಡಿಯಿಂದ ಮರಳಿ ಬರುವ ಬೆಳಕನ್ನು ಅಲಗಿನಿಂದ ಕತ್ತರಿಸಿದರೆ, ಕನ್ನಡಿಯ ಮೇಲಿನ ಏರುತಗ್ಗು ಬೆಟ್ಟಕಣಿವೆಗಳಂತೆ ಕಾಣುತ್ತವೆ. ಒಂದು ರಾತ್ರಿ ಯಜಮಾನರು ಗಾಜಿನ ಮೇಲೆ ಹೆಬ್ಬೆರಳನ್ನು ಅರೆನಿಮಿಷ ಇಟ್ಟು ತೆಗೆದು, ಅಲಗಿನ ಹಿಂದೆ ಕಣ್ಣಿಟ್ಟರು. ಬೆರಳಿನ ಬಿಸಿಗೆ ಗಾಜು ಉಬ್ಬಿ, ಅಲ್ಲಿ ಒಂದು ಗುಡ್ಡ ಎದ್ದಿತ್ತು. ನಾವು ನೋಡನೋಡುತ್ತಿದ್ದಂತೆಯೇ ಅದು ಇಳಿದು ಹೋಯಿತೆಂದು ಅವರು ನಮಗೆ ಹೇಳಿದಾಗ, ಅವರ ದನಿಯಲ್ಲಿದ್ದದ್ದನ್ನು ನಾವು ನಮ್ಮ ಸಹೋದ್ಯೋಗಿಗಳ ದನಿಯಲ್ಲಿ ಕೇಳಿ ಬಹಳ ಕಾಲವಾಯಿತು. ಅಂದಿನಿಂದ ಈ ದುರ್ಬೀನು ಮಗನದಲ್ಲ, ತಂದೆಯದು.

ಕನ್ನಡಿಯನ್ನು ಕೂರಿಸಿದ ಮರದ ಪೆಟ್ಟಿಗೆಯ ಮಾದರಿ ಜಾನ್ ಡಾಬ್ಸನ್ ಎಂಬವರದು. ಅವರು ೧೯೪೪ರಿಂದ ೧೯೬೭ರವರೆಗೆ ಕ್ಯಾಲಿಫೋರ್ನಿಯದಲ್ಲಿ ರಾಮಕೃಷ್ಣ ಸಂಪ್ರದಾಯದ ಆಶ್ರಮವಾಸಿಯಾಗಿದ್ದವರು. ಕೈಯಲ್ಲಿ ಕಾಸಿಲ್ಲದೆ, ಹಡಗಿನ ಕಿಟಕಿಯ ಹಳೆಯ ಗಾಜುಗಳನ್ನು ಉಜ್ಜಿ ದೂರದರ್ಶಕ ಮಾಡಿದವರು. ಆಶ್ರಮ ಬಿಟ್ಟ ಮೇಲೆ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಕಾಲುದಾರಿಗಳಲ್ಲಿ ಅದನ್ನು ನಿಲ್ಲಿಸಿ, ಹಾದು ಹೋಗುವವರನ್ನೆಲ್ಲ ಚಂದ್ರನನ್ನು ನೋಡಲು ಕರೆದರು. ಯಜಮಾನರು ಆ ಪೆಟ್ಟಿಗೆಗೆ ಷೆಡ್ಡಿನಲ್ಲಿ ಕಡೆದ ಒಂದು ಹಿತ್ತಾಳೆಯ ಮೊಳೆ ಸೇರಿಸಿದ್ದಾರೆ. ಅದರ ಅವಶ್ಯಕತೆಯಿರಲಿಲ್ಲವೆಂದು ಮಗನ ಮತ.

ಇನ್ನು ದೀಪದ ವಿಷಯ. ಮಾಳಿಗೆಗೆ ಎದುರಾಗಿ ಒಂದು ಷೆಡ್ಡಿನ ಮೇಲೆ ಬಿಳಿಯ ದೀಪವಿತ್ತು. ಅದರ ಬೆಳಕು ನೇರವಾಗಿ ನಮ್ಮ ಕಣ್ಣಿಗೆ. ಶನಿವಾರ ಎಂಟರಿಂದ ಹತ್ತರವರೆಗೆ ಅದನ್ನು ಆರಿಸಬೇಕೆಂದು ಮಾಲೀಕರನ್ನು ಬೇಡಿಕೊಂಡೆವು. ಗುರುವಿನ ಚಂದ್ರರನ್ನು ತೋರಿಸಿದ ಮೇಲೆ ಅವರು ಒಪ್ಪಿದರು. ಎರಡು ವಾರ ನಮಗೆ ಸ್ವರ್ಗಸುಖ. ಮೂರನೆಯ ವಾರ, ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನೆರೆಮನೆಯ ಹೆಣ್ಣುಮಗಳೊಬ್ಬರು ಮೇಲೆ ಬಂದು, ದೂರದರ್ಶಕದ ಕಡೆಗೆ ತಿರುಗಿಯೂ ನೋಡದೆ, "ನಿಮಗೆ ನಕ್ಷತ್ರ ಕಾಣಲಿ ಅಂತ ನಮಗೆ ದಾರಿ ಕಾಣಬಾರದೇ?" ಎಂದು ಕೇಳಿದರು. ಒಂಬತ್ತು ಗಂಟೆಗೆ ಪಾಳಿ ಮುಗಿಸಿ ಐದಾರು ಜನ ಹೆಂಗಸರು ಆ ಓಣಿಯಲ್ಲಿಯೇ ಮನೆಗೆ ನಡೆದು ಬರುತ್ತಾರೆ. ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ದೀಪ ಆರಿಸುವ ಮುನ್ನ ಓಣಿಯನ್ನು ಬಗ್ಗಿ ನೋಡುವಷ್ಟು ದೂರದೃಷ್ಟಿ ಎಂಟು ಅಂಗುಲದ ಕನ್ನಡಿಯುಳ್ಳ ನಮ್ಮ ಸಂಘಕ್ಕೆ ಇರಲಿಲ್ಲವೆಂಬುದು ಸ್ವಲ್ಪ ನಾಚಿಕೆಯ ಸಂಗತಿ. ಆ ರಾತ್ರಿಯೇ ದೀಪ ಮತ್ತೆ ಹತ್ತಿತು.

ಪರಿಹಾರ ಹೊಳೆದದ್ದು ಯಜಮಾನರಿಗೆ. ಆ ದೀಪದ ಬೆಳಕಿನಲ್ಲಿ ಎಷ್ಟು ಪಾಲು ಓಣಿಗೆ ಬೀಳುತ್ತದೆ, ಎಷ್ಟು ಪಾಲು ಎದುರಿನ ಗೋಡೆಗೂ ಆಕಾಶಕ್ಕೂ ಹೋಗಿ ವ್ಯರ್ಥವಾಗುತ್ತದೆ ಎಂದು ಅವರು ಎರಡು ಸಂಜೆ ನಿಂತು ನೋಡಿದರು. ತಗಡನ್ನು ಬಗ್ಗಿಸಿ, ಒಳಗೆ ಬಿಳಿಯ ಬಣ್ಣ ಬಳಿದು, ದೀಪಕ್ಕೆ ಕುಲಾವಿಯಂಥ ಒಂದು ಮುಚ್ಚಳ ಹಾಕಿದರು. ಓಣಿಯ ನೆಲ ಮೊದಲಿಗಿಂತ ಚೆನ್ನಾಗಿ ಕಂಡಿತು, ಮಾಳಿಗೆ ಕತ್ತಲಾಯಿತು. ಮಹಾವ್ಯಾಧನ ನಾಲ್ಕು ಮೂಲೆಯ ಚುಕ್ಕೆಗಳು ಮತ್ತು ನಡುಪಟ್ಟಿಯ ಮೂರು, ಇಷ್ಟೇ ಎಣಿಸುತ್ತಿದ್ದ ಮಕ್ಕಳು ಈಗ ಪಟ್ಟಿಯ ಕೆಳಗಿನ ಕತ್ತಿಯನ್ನೂ ಎಣಿಸತೊಡಗಿದರು. ಇಡೀ ನಗರದ ಹೊಗೆಬೆಳಕನ್ನು ಒಂದು ತಗಡು ತಡೆಯಲಾರದು, ಅದು ನಿಜ. ಲಡಾಖಿನ ಹಾನ್ಲೆಯಲ್ಲಿ, ಭಾರತೀಯ ಖಗೋಳಭೌತಶಾಸ್ತ್ರ ಸಂಸ್ಥೆಯವರ ವೀಕ್ಷಣಾಲಯದ ಸುತ್ತ, ೨೦೨೨ರಲ್ಲಿ ಕತ್ತಲೆಯನ್ನು ಕಾಯ್ದುಕೊಳ್ಳುವುದಕ್ಕೆಂದೇ ಒಂದು ಪ್ರದೇಶವನ್ನು ಗೊತ್ತುಮಾಡಿದರು. ಅಲ್ಲಿಯ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಮೂಲಕ. ಹಾನ್ಲೆಯ ಜನರಿಗೆ ಕತ್ತಲು ಸಿಕ್ಕಿತು. ರಾಜಗೋಪಾಲನಗರದ ಜನ ತಮ್ಮ ಪಾಲಿನ ಕತ್ತಲನ್ನು ಒಂದೊಂದು ತಗಡಿನಷ್ಟಾಗಿ ಸಂಪಾದಿಸಬೇಕಾಗಿದೆ.

ಕತ್ತಲೆ ಬೇಕಾದರೆ ಊರು ಬಿಡಬೇಕು. ೨೦೨೫ರ ಮಾರ್ಚ್ ೨೯ನೆಯ ತಾರೀಖು ಶನಿವಾರವೂ ಅಮಾವಾಸ್ಯೆಯೂ ಕೂಡಿ ಬಂದದ್ದರಿಂದ, ಮಾಗಡಿಯ ಆಚೆ ಪರಿಚಿತರೊಬ್ಬರ ಹೊಲದ ಬಂಡೆಗೆ ಹೊರಟೆವು. ಮರುದಿನವೇ ಯುಗಾದಿ. ಹಬ್ಬದ ಹಿಂದಿನ ರಾತ್ರಿ ಹೊಲದಲ್ಲಿ ಮಲಗುವುದುಂಟೇ ಎಂದು ಹಲವು ಮನೆಗಳಲ್ಲಿ ತಕರಾರಾಯಿತು. ನಮ್ಮ ಮನೆಯಲ್ಲಿ ತಕರಾರಿನ ಫಲವಾಗಿ ಮನೆಯವರೂ ಜೊತೆಗೆ ಬಂದರು.

ಷೆಡ್ಡಿನ ಕೆಲಸಗಾರರೊಬ್ಬರು ರಾಯಚೂರಿನ ಕಡೆಯ ಒಕ್ಕಲು ಮನೆತನದವರು. ಒಂಬತ್ತು ವರ್ಷದಿಂದ ನಗರದಲ್ಲಿರುವವರು. ಬಂಡೆಯ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಊರಿನಲ್ಲಿ ಮಾಳಿಗೆಯ ಮೇಲೆ ಮಲಗಿದಾಗ ಹೀಗೆಯೇ ಇರುತ್ತಿತ್ತೆಂದರು. ಅಶ್ವಿನಿಯಿಂದ ಹಿಡಿದು ಮಳೆಯ ನಕ್ಷತ್ರಗಳನ್ನೆಲ್ಲ ಅವರು ಬಾಯಲ್ಲೇ ಹೇಳಬಲ್ಲರು; ಯಾವ ಮಳೆಗೆ ಯಾವ ಬಿತ್ತನೆ ಎಂಬುದನ್ನೂ ಬಲ್ಲರು. ಆರಿದ್ರೆ ಯಾವುದು ತೋರಿಸಿ ಎಂದರು. ಪಡುವಣಕ್ಕೆ ವಾಲಿದ ಮಹಾವ್ಯಾಧನ ಭುಜದ ಕೆಂಪು ಚುಕ್ಕೆಯನ್ನು ತೋರಿಸಿದೆವು. ಹಾಗಾದರೆ ಆರಿದ್ರೆಯ ಮಳೆ ಸುರಿಯುವಾಗ, ಮೋಡ ಬಿಟ್ಟರೆ, ಇದು ನೆತ್ತಿಯ ಮೇಲೆ ಕಾಣುವುದಲ್ಲವೇ ಎಂದು ಕೇಳಿದರು. ನಾವು, ಪದವೀಧರರು, ಹೌದೆಂದು ತಲೆಯಾಡಿಸಿದೆವು.

ತಪ್ಪು. ಕೂಡಲೇ ತಿದ್ದಿದವರು ನಮ್ಮ ಶಿಷ್ಯರು. ಆರಿದ್ರೆಯ ಮಳೆಯೆಂದರೆ ಸೂರ್ಯನು ಆರಿದ್ರೆಯ ದಿಕ್ಕಿನಲ್ಲಿರುವ ಹದಿನಾಲ್ಕು ದಿನ, ಜೂನ್ ೨೨ರ ಸುಮಾರಿಗೆ ಮೊದಲಾಗುವುದು. ಆಗ ಆ ನಕ್ಷತ್ರ ಸೂರ್ಯನೊಡನೆಯೇ ಹುಟ್ಟಿ ಸೂರ್ಯನೊಡನೆಯೇ ಮುಳುಗುತ್ತದೆ. ಮೋಡವಿರಲಿ ಬಿಡಲಿ, ಕಾಣುವಂತಿಲ್ಲ. ಬಹುಪಾಲು ಮಳೆನಕ್ಷತ್ರಗಳ ಪಾಡೂ ಇದೇ: ಹೆಸರು ಕೊಟ್ಟ ಚುಕ್ಕೆ ತನ್ನ ಮಳೆಯಲ್ಲಿ ಹಾಜರಿರುವುದಿಲ್ಲ. ಕಾಣದ ನಕ್ಷತ್ರದ ಹೆಸರನ್ನು ಮಳೆಗೆ ಇಟ್ಟವರು, ಸೂರ್ಯನ ಹಿಂದೆ ಏನಿದೆಯೆಂಬುದನ್ನು ಮುಂಜಾವದಲ್ಲಿ ಹುಟ್ಟುವ, ಮುಸ್ಸಂಜೆಯಲ್ಲಿ ಮುಳುಗುವ ಬೇರೆ ಚುಕ್ಕೆಗಳಿಂದ ಲೆಕ್ಕ ಹಾಕಿ ತಿಳಿದಿರಬೇಕು. ಕೆಲಸಗಾರರು ಇದನ್ನು ಎರಡು ಸಲ ಹೇಳಿಸಿ ಕೇಳಿಕೊಂಡು, "ಹಂಗಾರೆ ನಮ್ಮಪ್ಪ ಅದನ್ನ ನೋಡಿರಾಕಿಲ್ಲ, ಆದ್ರ ಒಂದಿನಾನೂ ತಪ್ಪಲಿಲ್ಲ" ಎಂದರು.

ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಲು ಪದಗಳಿಲ್ಲವೆಂದು ನಮ್ಮ ಕಾಲೇಜಿನಲ್ಲಿ ಆಗಾಗ ಕೇಳಿಬರುವುದುಂಟು. ೧೮೭೪ರ ಡಿಸೆಂಬರಿನಲ್ಲಿ ಶುಕ್ರನು ಸೂರ್ಯಬಿಂಬವನ್ನು ದಾಟಿದಾಗ, ಮದರಾಸಿನ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಅದನ್ನು ವಿವರಿಸಿ ಬರೆದ ಕಿರುಹೊತ್ತಗೆ ಕನ್ನಡದಲ್ಲಿಯೂ ಹೊರಬಂದಿತ್ತು. ಇಷ್ಟು ಹೇಳಿ ಮುಂದಕ್ಕೆ ಹೋಗುತ್ತೇವೆ.

ನಡುರಾತ್ರಿ ಕಳೆದ ಮೇಲೆ ಸಪ್ತರ್ಷಿಗಳು ಬಡಗಣದಲ್ಲಿ ಮೇಲೇರಿದರು. ನಮ್ಮ ಮದುವೆಯಲ್ಲಿ ಪುರೋಹಿತರು ಹಗಲು ಹನ್ನೊಂದು ಗಂಟೆಗೆ ಛತ್ರದ ಬಾಗಿಲಿಗೆ ಕರೆತಂದು, ಸುಡುವ ಬಿಸಿಲಿನಲ್ಲಿ ಅರುಂಧತಿಯನ್ನು ತೋರಿಸಿದ್ದರು. ಕಂಡಿತೇ ಎಂದಾಗ ನಾವಿಬ್ಬರೂ ಕಂಡಿತೆಂದಿದ್ದೆವು. ತಮ್ಮಲ್ಲಿಯೂ ಅನೇಕರು ಹಾಗೆಂದವರೇ ಇರಬೇಕು. ಬಂಡೆಯ ಮೇಲೆ ಈಗ ಬಾಲದ ನಡುವಿನ ವಸಿಷ್ಠ, ಅದಕ್ಕೆ ಒತ್ತಿಕೊಂಡ ಸಣ್ಣ ಅರುಂಧತಿ ಬರಿಗಣ್ಣಿಗೇ ಕಂಡವು. ದೂರದರ್ಶಕದಲ್ಲಿ ನೋಡಿದರೆ ವಸಿಷ್ಠರೇ ಇಬ್ಬರು! ೧೬೧೭ರಲ್ಲಿಯೇ ಕಸ್ಟೆಲ್ಲಿ ಎಂಬಾತ ಇದನ್ನು ಗುರುತಿಸಿ ಗೆಲಿಲಿಯೋಗೆ ತಿಳಿಸಿದ್ದ. ಆ ಇಬ್ಬರಲ್ಲಿ ಪ್ರತಿಯೊಬ್ಬರೂ ಮತ್ತೆ ಜೋಡಿಯೆಂದು ರೋಹಿತದಿಂದ ಗೊತ್ತಾಗಿದೆ. ಅರುಂಧತಿಗೂ ಒಂದು ಮಂದವಾದ ಜೊತೆಯುಂಟೆಂದು ೨೦೦೯ರಲ್ಲಿ ಕಂಡುಕೊಂಡರು. ಅಂತೂ ದಂಪತಿಗಳೆಂದು ನಾವು ತಿಳಿದದ್ದು ಆರು ಜನರ ಅವಿಭಕ್ತ ಕುಟುಂಬ. ಇಲ್ಲಿಂದ ಸುಮಾರು ಎಂಬತ್ತು ಜ್ಯೋತಿರ್ವರ್ಷ ದೂರದಲ್ಲಿ ವಾಸ. ಮನೆಯವರು ಬಹಳ ಹೊತ್ತು ನೋಡಿ, "ಹದಿನೇಳು ವರ್ಷದ ಸುಳ್ಳು ಇವತ್ತು ನಿಜವಾಯಿತು" ಎಂದರು. ನಾವು ಏನೂ ಹೇಳಲಿಲ್ಲ.

ಅದೇ ಹೊತ್ತಿಗೆ, ಬೆನ್ನು ತಿರುಗಿಸಿದರೆ, ತೆಂಕಣದಲ್ಲಿ ಒಮೇಗ ಸೆಂಟಾರಿ ಎಂಬ ನಕ್ಷತ್ರಗುಚ್ಛ. ಬರಿಗಣ್ಣಿಗೆ ಮಸುಕಾದ ಒಂದು ಚುಕ್ಕೆ. ದೂರದರ್ಶಕದಲ್ಲಿ ಚೆಲ್ಲಿದ ರಾಗಿಯ ರಾಶಿ. ಸುಮಾರು ಒಂದು ಕೋಟಿ ಸೂರ್ಯರು ಅಲ್ಲಿ, ೧೭,೦೦೦ ಜ್ಯೋತಿರ್ವರ್ಷಗಳ ಆಚೆ. ಇಂಗ್ಲೆಂಡಿನಲ್ಲಿ ಇದು ದಿಗಂತದ ಮೇಲೆ ಬರುವುದೇ ಇಲ್ಲ. ನಾವು ಓದಿದ ಪುಸ್ತಕಗಳಲ್ಲಿ ಇದರ ಸುದ್ದಿ ಏಕಿರಲಿಲ್ಲವೆಂಬುದು ಆಗ ಅರ್ಥವಾಯಿತು.

ಬೆಳಗಿನ ಜಾವ ಆಕಾಶಗಂಗೆ ಆಗ್ನೇಯದಲ್ಲಿ ಎದ್ದಿತು. ನೋಡುತ್ತಲೇ ನಿದ್ದೆ ಹೋದೆವೆಂದು ಒಪ್ಪಿಕೊಳ್ಳಬೇಕು. ಎದ್ದು, ಅಭ್ಯಂಜನಕ್ಕೆ ತಡವಾಗದಂತೆ ಊರು ಸೇರಿದೆವು.

ಯುಗಾದಿಯ ಸಂಜೆ, ಯಾರೂ ಕರೆಯದೆ, ರಾಜಗೋಪಾಲನಗರದ ಆ ಮಾಳಿಗೆ ತುಂಬಿಹೋಯಿತು. ಹೊಸ ವರ್ಷದ ಚಂದ್ರದರ್ಶನಕ್ಕೆಂದು ಒಂದು ಗುಂಪು. ರಂಜಾನಿನ ಚಂದ್ರನನ್ನು ಹುಡುಕಲು ಪಕ್ಕದ ಬೀದಿಯ ಮುಸಲ್ಮಾನ ನೆರೆಯವರ ಇನ್ನೊಂದು ಗುಂಪು. ಅಮಾವಾಸ್ಯೆ ಕಳೆದು ಆಗ್ಗೆ ಇಪ್ಪತ್ತಾರು ಗಂಟೆಗಳಷ್ಟೇ. ಯಜಮಾನರು ಕೊಳವೆಯನ್ನು ಪಡುವಣದ ಕೆಂಪಿನಲ್ಲಿ ಆಚೀಚೆ ಆಡಿಸುತ್ತ ಹುಡುಕಿದರು. ಶಿಷ್ಯರು ಲೆಕ್ಕ ಹಾಕಿ ದಿಕ್ಕು ಹೇಳಿದರು. ನಾವು ಹಿಂದೆ ನಿಂತು ಸಲಹೆ ಕೊಟ್ಟೆವು. ಪಾಳಿ ಮುಗಿಸಿ ಬಂದ ಆ ಉಡುಪಿನ ಕಾರ್ಖಾನೆಯ ಹೆಣ್ಣುಮಗಳೂ ಮಗುವನ್ನು ಎತ್ತಿಕೊಂಡು ಅಲ್ಲಿದ್ದರು. ಮಗು ನೀರಿನ ತೊಟ್ಟಿಯ ಪಕ್ಕಕ್ಕೆ ಕೈ ಚಾಚಿ, ಅಗೋ ಎಂದಿತು. ಉಗುರು ಕತ್ತರಿಸಿ ಬಿಸುಟಂತೆ ಒಂದು ಗೆರೆ. ಎಲ್ಲರೂ ಒಮ್ಮೆಲೇ ಆ ಕಡೆಗೆ ತಿರುಗಿದರು. ದುರ್ಬೀನಿನ ಬಳಿ ಉಳಿದವರು ಯಜಮಾನರೊಬ್ಬರೇ, ಇನ್ನೂ ಹುಡುಕುತ್ತ.